ಬಟ್ಟಲಿನ ಮಾತ್ರೆ, ಡಬ್ಬಿಯ ಮಾತ್ರೆ

ಅಕ್ರೋಟು ಒಡೆಯುವವರನ್ನು ಕೈ ನೋಡಿಯೇ ಗುರುತು ಹಿಡಿಯಬಹುದು. ಬೆರಳ ತುದಿ ಕಪ್ಪು, ಉಗುರಿನ ಸಂದು ಕಪ್ಪು, ಎಷ್ಟು ತಿಕ್ಕಿದರೂ ಬಿಡದ ಕಪ್ಪು. ನೋವು ಮಾತ್ರ ಕಾಣುವುದಿಲ್ಲ. ಅದು ಮಣಿಕಟ್ಟಿನೊಳಗೆ ಹುಟ್ಟಿ ಮೊಣಕೈಗೆ ಏರಿ ಭುಜದಲ್ಲಿ ಬಿಡಾರ ಹೂಡುತ್ತದೆ.

ದ್ರಾಕ್ಷಿ ಕೊಯ್ಲು ಮುಗಿದು ಚಳಿ ಬಿತ್ತೆಂದರೆ ಮೊಲ್ದೊವಾ ದೇಶದ ಒಂದು ಹಳ್ಳಿಯ ಹೆಂಗಸರಿಗೆ ಇರುವ ಕೆಲಸ ಇದೊಂದೇ. ಅಕ್ರೋಟು ವ್ಯಾಪಾರಿ ಪಂತೆಲೆಯ ಶೆಡ್ಡಿನಲ್ಲಿ ಉದ್ದ ಮೇಜಿನ ಸುತ್ತ ಕೂರಬೇಕು. ಪುಟ್ಟ ಸುತ್ತಿಗೆಯಿಂದ ಚಿಪ್ಪು ಒಡೆಯಬೇಕು. ಒಳಗಿನ ತಿರುಳು ಮುರಿಯದೆ, ಎರಡು ರೆಕ್ಕೆಯೂ ಕೂಡಿಕೊಂಡೇ ಹೊರಬರಬೇಕು. ಹಾಗೆ ಬಂದದ್ದಕ್ಕೆ ಅವರು ಚಿಟ್ಟೆ ಎನ್ನುತ್ತಾರೆ. ಚಿಟ್ಟೆಗೆ ಒಳ್ಳೆಯ ಕೂಲಿ, ಚೂರಿಗೆ ಪುಡಿಗಾಸು. ಕೈ ನಡುಗಿದವಳಿಗೆ ಚಿಟ್ಟೆ ಸಿಗುವುದಿಲ್ಲ.

ಅದಕ್ಕೇ ಮೇಜಿನ ನಡುವೆ ಪಂತೆಲೆ ಒಂದು ಬಟ್ಟಲು ಇಟ್ಟಿದ್ದ. ಬಟ್ಟಲ ತುಂಬ ನೋವಿನ ಮಾತ್ರೆ.

"ತಗೊಳ್ರಮ್ಮಾ, ಮಿಠಾಯಿ ತಗೊಳ್ಳಿ. ಕೈ ನೋವು ಅಂತ ಸುಮ್ನೆ ಕೂತ್ರೆ ಅಕ್ರೋಟು ತಾನಾಗೇ ಒಡ್ಕೊಳ್ಳುತ್ತಾ?" ಎನ್ನುತ್ತಿದ್ದ.

ಗಾಳಿ ನುಗ್ಗುವ ಕಿಟಕಿಗೆ ಗಾಜು ಹಾಕಿಸೆಂದರೆ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಕೈಗೆ ಸ್ವಲ್ಪ ಬಿಡುವು ಕೊಡೆಂದರೆ ಗಡಿಯಾರ ತೋರಿಸುತ್ತಿದ್ದ. ಮಾತ್ರೆ ಮಾತ್ರ ಬೇಕಾದಷ್ಟು. ಅಂಥ ಧಾರಾಳ ಅವನದು!

ತುದೋರಾ ಅಲ್ಲಿಂದ ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಮನೆಗೆ ಹೋಗುವಾಗ ಏಪ್ರನ್ ಜೇಬಿಗೆ ಇನ್ನೊಂದು. ಐವತ್ತು ದಾಟಿದ ಗಟ್ಟಿ ಹೆಂಗಸು, ಆ ಮೇಜಿನಲ್ಲಿ ಅತಿ ಹೆಚ್ಚು ಚಿಟ್ಟೆ ಬಿಡಿಸುವವಳು. ಎಲ್ಲರ ಎದುರಿಗೂ ನುಂಗುತ್ತಿದ್ದುದು ಬಟ್ಟಲಿನ ಮಾತ್ರೆ. ಯಾರಿಗೂ ಕಾಣದಂತೆ ನುಂಗುತ್ತಿದ್ದ ಮಾತ್ರೆ ಬೇರೆ ಇತ್ತು.

ಆ ಮಾತ್ರೆ ಅಡುಗೆಮನೆಯಲ್ಲಿ ಒಂದು ವಿಟಮಿನ್ ಡಬ್ಬಿಯೊಳಗಿತ್ತು. ಅದರ ಹೆಸರು ಟೆನೊಫೊವಿರ್. ತುದೋರಾಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ, ಅದು ಲಿವರನ್ನು ತಿನ್ನದಂತೆ ಈ ಮಾತ್ರೆ ತಡೆಯುತ್ತದೆ, ದಿನಾ ತಪ್ಪದೆ ತೆಗೆದುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದವಳೇ ಮಾತ್ರೆಗಳನ್ನೆಲ್ಲ ಹೆಸರು ಅಚ್ಚಾದ ಸ್ಟ್ರಿಪ್ ಹಾಳೆಯಿಂದ ಬಿಡಿಸಿ ಹಳೆಯ ಡಬ್ಬಿಗೆ ಸುರಿದು, ಖಾಲಿ ಹಾಳೆಯನ್ನು ಒಲೆಗೆ ಹಾಕಿದ್ದಳು. ವಿಷಯ ಗೊತ್ತಿದ್ದುದು ಗಂಡ ನಿಕಾನೋರನಿಗೆ ಮಾತ್ರ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕೆಳಬೀದಿಯ ಒಬ್ಬ ಹೆಂಗಸಿಗೆ ಇದೇ ಕಾಯಿಲೆ ಎಂದು ಊರಿಗೆ ತಿಳಿದುಹೋಗಿತ್ತು. ಸತ್ತ ಗಂಡನ ಹೆಸರಿನಲ್ಲಿ ಅವಳು ಬ್ರೆಡ್ಡು ಬೇಯಿಸಿ, ಮೇಲೆ ಮೇಣದಬತ್ತಿ ಹಚ್ಚಿ ಮನೆಮನೆಗೆ ಕೊಟ್ಟಾಗ ಜನ ಎದುರಿಗೆ ಕೈಚಾಚಿ ತೆಗೆದುಕೊಂಡರು, ಅವಳು ತಿರುಗಿದ ಕೂಡಲೇ ಬೇಲಿಯಾಚೆ ಎಸೆದರು. ಸತ್ತವನ ಪಾಲಿನ ಬ್ರೆಡ್ಡನ್ನು ಎಸೆಯುವುದು ಅಲ್ಲಿ ಪಾಪ. ತುದೋರಾ ಅದನ್ನು ಕಣ್ಣಾರೆ ಕಂಡಿದ್ದಳು. ಜನರ ಬಾಯಿಗೆ ಹೋಗುವ ತಿರುಳನ್ನು ಬಿಡಿಸುವವಳು ನಾನು, ನನಗೂ ಅದೇ ಕಾಯಿಲೆ ಎಂದು ಗೊತ್ತಾದರೆ ಮೇಜಿನ ಹತ್ತಿರ ಬಿಟ್ಟುಕೊಳ್ಳುತ್ತಾರೆಯೇ ಎಂದು ಯೋಚಿಸಿದಾಗಲೆಲ್ಲ ಅವಳು ಆ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿಯುತ್ತಿದ್ದಳು.

ಕ್ರಿಸ್‌ಮಸ್ ಹತ್ತಿರ ಬಂದು ಕೆಲಸ ಜೋರಾದಾಗ ಅವಳಿಗೆ ಬಲಗೈ ಎತ್ತಲಿಕ್ಕೇ ಆಗದಾಯಿತು. ಪಕ್ಕದ ಮನೆಯ ವರ್ವಾರಾ ಅದನ್ನು ಕಂಡಳು. ವರ್ವಾರಾ ತುದೋರಾಳ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟ ಧರ್ಮತಾಯಿ, ಮೇಜಿನಲ್ಲೂ ಪಕ್ಕದವಳೇ. ಹಿಂದೆ ಶಿಶುವಿಹಾರದಲ್ಲಿ ನರ್ಸ್ ಆಗಿದ್ದವಳು. ಈಗಲೂ ಆ ಬೀದಿಯಲ್ಲಿ ಯಾರಿಗೆ ಸೊಂಟ ಹಿಡಿದರೂ ಅವಳ ಬಾಗಿಲು ತಟ್ಟುತ್ತಾರೆ. ಔಷಧದ ಅಂಗಡಿಯಿಂದ ಡೈಕ್ಲೋಫಿನಾಕ್ ತಂದುಕೊಟ್ಟರೆ ಸಾಕು, ದಿನಕ್ಕೊಂದರಂತೆ ಇಂಜೆಕ್ಷನ್ ಚುಚ್ಚಿ ಎಬ್ಬಿಸಿ ನಿಲ್ಲಿಸುತ್ತಾಳೆ. ಪ್ರತಿಯಾಗಿ ಮೊಟ್ಟೆಯೋ ಒಂದು ಹೂಜಿ ವೈನೋ ಬರುತ್ತದೆ.

"ತಿರುಗೇ, ಮಲಕ್ಕೋ. ಹೊಸ ಸೂಜಿನೇ, ನೋಡು, ನಿನ್ನ ಮುಂದೇನೇ ಪೊಟ್ಟಣ ಬಿಚ್ತಿದೀನಿ. ಏನ್ ಹೆದರ್ತೀಯೇ, ಮೂರು ವರ್ಷದ ಮಕ್ಕಳು ನಿನಗಿಂತ ವಾಸಿ!"

"ಬೇಗ ಮುಗ್ಸಕ್ಕಾ."

"ಇರು ಮಾರಾಯ್ತಿ. ಬೇರೆ ಏನಾದ್ರೂ ಔಷಧ ನುಂಗ್ತಿದೀಯಾ?"

ತುದೋರಾ ದಿಂಬಿಗೆ ಮುಖ ಒತ್ತಿದಳು. ಹೇಳಿಬಿಡಲೇ? ಬೇಲಿಯಾಚೆ ಬಿದ್ದ ಬ್ರೆಡ್ಡು ಕಣ್ಣ ಮುಂದೆ ಬಂತು.

"ವಿಟಮಿನ್ ಅಷ್ಟೇ ಅಕ್ಕಾ."

"ಒಳ್ಳೇದು. ಕೈಗೆ ಬಲ ಬರುತ್ತೆ" ಎಂದು ವರ್ವಾರಾ ಸೂಜಿ ಇಳಿಸಿದಳು.

ನೋವು ನಿಜಕ್ಕೂ ಇಳಿಯಿತು. ತುದೋರಾ ಮತ್ತೆ ಚಿಟ್ಟೆಗಳನ್ನು ಬಿಡಿಸಿದಳು. ಇಂಜೆಕ್ಷನ್ ಇದ್ದರೂ ಬಟ್ಟಲಿನ ಮಾತ್ರೆ ನಿಲ್ಲಿಸಲಿಲ್ಲ. ಅದರ ಮೇಲೆ, ರಾತ್ರಿ ಚೆನ್ನಾಗಿ ನಿದ್ದೆ ಬರಲಿ ಎಂದು, ನೀರಿಗೆ ಕದಡಿ ಕುಡಿಯುವ ನೋವಿನ ಪುಡಿಯನ್ನೂ ನಿಕಾನೋರ್ ತಂದುಕೊಟ್ಟ. ಮಾತ್ರೆ, ಸೂಜಿ, ಪುಡಿ ಮೂರೂ ಒಂದೇ ಕುಲದವು ಎಂದು ಅವರಿಗೆ ಹೇಳಿದವರು ಯಾರು? ಔಷಧದ ಅಂಗಡಿಯಲ್ಲಿ ಕೇಳಿದ್ದನ್ನು ಕೊಟ್ಟರು, ಚಿಲ್ಲರೆ ಎಣಿಸಿಕೊಂಡರು, ಮುಂದಿನವರನ್ನು ಕರೆದರು.

ಒಂದು ಬೆಳಿಗ್ಗೆ ಬೂಟಿನ ಜಿಪ್ಪು ಮೇಲೆ ಬರಲಿಲ್ಲ.

"ಬೂಟು ಕುಗ್ಗಿತೇನೇ, ನೀನು ಉಬ್ಬಿದ್ಯಾ?" ಎಂದು ನಿಕಾನೋರ್ ನಕ್ಕ. ಬಗ್ಗಿ ಎಳೆದು ನೋಡಿದ. ಹೆಂಡತಿಯ ಕಣಕಾಲಿನ ಮೇಲೆ ಅವನ ಹೆಬ್ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು. ಅವನ ನಗು ಅಲ್ಲಿಗೇ ನಿಂತಿತು.

ಹೇಳದೇ ಇದ್ದದ್ದು ಇನ್ನೂ ಇತ್ತು. ಜೋಳದ ಹಿಟ್ಟಿನ ಮುದ್ದೆ ಕುದಿಯುವ ವಾಸನೆ ಬಂದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಮೈ ಕಲ್ಲಿನಂತೆ ಭಾರ. ಮೂತ್ರಕ್ಕೆ ಹೋಗುವುದೂ ಕಡಿಮೆಯಾಗಿತ್ತು, ಹೋದರೂ ಚೂರೇಚೂರು. ಲಿವರ್ ಕೈಕೊಟ್ಟಿತು, ಇನ್ನೇನು ಮುಗಿಯಿತು ಎಂದು ಒಳಗೊಳಗೇ ನಡುಗಿದಳು. ಹೀಗೆ ನಡುಗುತ್ತಲೇ ಅವಳು ಇನ್ನೊಂದು ತಪ್ಪು ಮಾಡಿದಳು. ಇದೆಲ್ಲ ಆ ಡಬ್ಬಿಯ ಮಾತ್ರೆಯದೇ ಕಿತಾಪತಿ ಎಂದುಕೊಂಡು ಅದನ್ನು ನುಂಗುವುದನ್ನೇ ಬಿಟ್ಟಳು. ಬಟ್ಟಲಿನ ಮಾತ್ರೆ ಬಿಡಲಿಲ್ಲ. ಅದನ್ನು ಎಲ್ಲರೂ ತಿನ್ನುತ್ತಾರಲ್ಲ, ಎಲ್ಲರಿಗೂ ಆಗುವುದು ನನಗೆ ಆಗದೆ ಇರುತ್ತದೆಯೇ?

ನಿಕಾನೋರ್ ಡಬ್ಬಿಯನ್ನು ಅವಳ ಕೈಚೀಲಕ್ಕೆ ಹಾಕಿ ಪಕ್ಕದೂರಿನ ಆರೋಗ್ಯ ಕೇಂದ್ರಕ್ಕೆ ಬಸ್ಸು ಹತ್ತಿಸಿದ.

ಅಲ್ಲಿ ಕಾರಿಡಾರಿನಲ್ಲಿ ಒಂದು ಕಿಟಕಿ. ಕಿಟಕಿಯ ಹಿಂದೆ ನರ್ಸು ದೋಕಿಯಾ. ಮುಂದೆ ಹೆಗಲಿಗೆ ಹೆಗಲು ತಾಗುವ ಸಾಲು. ಸಾಲಿನಲ್ಲಿ ತುದೋರಾಳ ಬೆನ್ನ ಹಿಂದೆಯೇ ಬಂದು ನಿಂತವಳು ಜಿನೋವಿಯಾ. ಅದೇ ಶೆಡ್ಡು, ಅದೇ ಮೇಜು. ಅವಳ ಬಾಯಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ.

"ಏನಾಗಿದೆ, ಹೇಳಿ" ಎಂದಳು ದೋಕಿಯಾ.

"ಕಾಲು... ಸ್ವಲ್ಪ ಊದಿದೆ."

"ಯಾವ ಕಾಯಿಲೆಗಾದ್ರೂ ಮಾತ್ರೆ ತಗೋತಿದೀರಾ? ಹೆಸರೇನು ಮಾತ್ರೆದು? ಜೋರಾಗಿ ಹೇಳಿ, ಕೇಳಿಸ್ತಿಲ್ಲ."

ತುದೋರಾಳ ಕುತ್ತಿಗೆಯ ಮೇಲೆ ಜಿನೋವಿಯಾಳ ಉಸಿರು ಬಿಸಿಯಾಗಿ ತಾಗುತ್ತಿತ್ತು.

"ಏನಿಲ್ಲ. ಏನೂ ಇಲ್ಲ. ಆಮೇಲೆ ಬರ್ತೀನಿ" ಎಂದು ಸಾಲು ಬಿಟ್ಟು ಹೊರಗೆ ನಡೆದಳು.

ನೋಡಿ, ಹೀಗೆ ಸಾಯುತ್ತಾರೆ ಜನ. ಔಷಧ ಇತ್ತು, ನರ್ಸು ಇದ್ದಳು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು. ಗುಟ್ಟಾಗಿ ಉತ್ತರ ಹೇಳಲು ಒಂದು ಬಾಗಿಲು ಹಾಕುವ ಕೋಣೆ ಇರಲಿಲ್ಲ. ಅಷ್ಟೇ.

ಬಸ್ ನಿಲ್ದಾಣದ ಪಕ್ಕದಲ್ಲಿ ಬಣ್ಣದ ಚಾವಣಿಯ ಬಾವಿಯೊಂದಿದೆ. ಅದರ ಕಟ್ಟೆ ಹಿಡಿದು ತುದೋರಾ ಕುಸಿದು ಕೂತಿದ್ದಳು. ಹಿಂದೆ ಹಿಮದಲ್ಲಿ ಹೆಜ್ಜೆ ಸದ್ದು. ಕೋಟು ಕೂಡ ಹಾಕದೆ ಓಡಿ ಬಂದಿದ್ದಳು ದೋಕಿಯಾ.

"ಅಕ್ಕಾ, ನಿಮ್ಮ ಬೂಟು ತೆರೆದೇ ಇದೆ. ಈ ಚಳೀಲಿ ಯಾರೂ ಬೂಟು ತೆರ್ಕೊಂಡು ಓಡಾಡಲ್ಲ. ನಾನು ಅಲ್ಲಿ ಎಲ್ಲರ ಮುಂದೆ ಕೇಳಬಾರದಿತ್ತು, ತಪ್ಪಾಯ್ತು. ಇಲ್ಲಿ ಯಾರೂ ಇಲ್ಲ. ಹೇಳಿ."

ತುದೋರಾ ಕೈಚೀಲದಿಂದ ಡಬ್ಬಿ ತೆಗೆದುಕೊಟ್ಟಳು. ದೋಕಿಯಾ ಮುಚ್ಚಳ ತೆರೆದು ಅಂಗೈಗೆ ಒಂದು ಮಾತ್ರೆ ಸುರಿದುಕೊಂಡಳು.

"ಇದು ವಿಟಮಿನ್ ಅಲ್ವಲ್ಲಾ. ಏನಿದು ಅಂತ ನನಗೂ ಬರೀ ಕಣ್ಣಲ್ಲಿ ಗೊತ್ತಾಗಲ್ಲ. ಹಾಳೆ ಎಲ್ಲಿ?"

"ಸುಟ್ಟುಬಿಟ್ಟೆ." ಆಮೇಲೆ ಬಾವಿಗೆ ಹೇಳುವವಳಂತೆ ಆ ಕಡೆ ತಿರುಗಿ, "ಲಿವರ್ ವೈರಸ್‌ಗೆ ಕೊಟ್ಟಿದ್ದು. ಟೆನೊಫೊವಿರ್" ಎಂದಳು.

"ಇದರ ಜೊತೆ ನೋವಿನ ಮಾತ್ರೆ ಏನಾದ್ರೂ?"

ತುದೋರಾ ಹೇಳುತ್ತಾ ಹೋದಳು. ಬಟ್ಟಲು. ಸೂಜಿ. ಪುಡಿ. ಒಂದೊಂದು ಕೇಳಿದಾಗಲೂ ದೋಕಿಯಾಳ ಮುಖ ಬಿಳುಚಿಕೊಂಡಿತು.

"ಅಯ್ಯೋ ದೇವ್ರೇ. ಕೇಳಿ ಅಕ್ಕಾ. ಈ ಲಿವರ್ ಮಾತ್ರೆ ಮೈಯಿಂದ ಆಚೆ ಹೋಗೋದು ಕಿಡ್ನಿ ಮೂಲಕ. ನೀವು ತಗೊಂಡ ನೋವಿನ ಔಷಧಗಳು ಕಿಡ್ನಿಗೆ ಹೋಗೋ ರಕ್ತಾನ ಕಮ್ಮಿ ಮಾಡ್ತವೆ. ಆಚೆ ಹೋಗೋ ಬಾಗಿಲು ಕಿರಿದಾಯ್ತು, ಒಳಗೆ ಜನ ತುಂಬ್ತಾನೇ ಇದಾರೆ ಅಂದ್ಕೊಳ್ಳಿ. ಬಾಗಿಲೇ ಮುರಿಯುತ್ತೆ. ಎರಡರಿಂದಲೂ ಕಿಡ್ನಿಗೇ ಪೆಟ್ಟು."

"ಮತ್ತೆ ಎಲ್ಲರೂ ತಿಂತಾರಲ್ಲ ಆ ಮಾತ್ರೇನ?"

"ಅಷ್ಟೊಂದು ತಿಂದ್ರೆ ಅವರಿಗೂ ಒಳ್ಳೇದಲ್ಲ. ಆದ್ರೆ ಅವರ ಮೈಯಲ್ಲಿ ಈ ಇನ್ನೊಂದು ಮಾತ್ರೆ ಇಲ್ಲ."

"ಅದಕ್ಕೇ ನಾನು ಇದನ್ನ ನಿಲ್ಲಿಸಿಬಿಟ್ಟೆ..."

ದೋಕಿಯಾ ಅವಳ ಭುಜ ಗಟ್ಟಿಯಾಗಿ ಹಿಡಿದಳು. "ನಿಲ್ಲಿಸಿದ್ರಾ? ಅದನ್ನ ಯಾಕೆ ನಿಲ್ಲಿಸಿದ್ರಿ! ನಿಲ್ಲಿಸಬೇಕಾಗಿದ್ದು ನೋವಿನ ಔಷಧ. ವೈರಸ್ ಮಾತ್ರೇನ ನಾವಾಗೇ ಬಿಟ್ರೆ ಮಲಗಿದ್ದ ವೈರಸ್ ಎದ್ದು ಕೂರುತ್ತೆ, ಲಿವರನ್ನೇ ಕೆಡಿಸಿಬಿಡುತ್ತೆ. ಬಿಡಬೇಕೋ, ಬದಲಿಸಬೇಕೋ ಅನ್ನೋದನ್ನ ಡಾಕ್ಟರ್ ರಕ್ತ ನೋಡಿ ಹೇಳ್ತಾರೆ. ನೀವೂ ಅಲ್ಲ, ನಾನೂ ಅಲ್ಲ. ಏಳಿ, ಹಿಂದಿನ ಬಾಗಿಲಿಂದ ಹೋಗೋಣ."

ಅಂದೇ ರಕ್ತ ತೆಗೆದರು, ಅಂದೇ ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ತುದೋರಾಳ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿತ್ತು. ಡಯಾಲಿಸಿಸ್ ಬೇಕಾಗಬಹುದು, ಬೇಡವಾಗಲೂಬಹುದು, ಕಾದು ನೋಡೋಣ ಎಂದರು ಡಾಕ್ಟರು. ಕಾಯುವುದೆಂದರೇನು ಎಂದು ಆಸ್ಪತ್ರೆಯಲ್ಲಿ ಮಲಗಿದವರಿಗೇ ಗೊತ್ತು. ಮೂತ್ರ ಅಳೆಯಲು ಬಂದ ಆಯಾ ಮುಖ ಅರಳಿಸಿದಳೇ, ಗಂಟಿಕ್ಕಿದಳೇ ಎಂದು ನೋಡುವುದೇ ತುದೋರಾಳ ಕೆಲಸವಾಯಿತು. ನಿಕಾನೋರ್ ಟೋಪಿಯನ್ನು ಕೈಯಲ್ಲಿ ತಿರುವುತ್ತಾ ಬಾಗಿಲ ಬಳಿ ನಿಂತಿರುತ್ತಿದ್ದ. ಆ ಪುಡಿ ತಂದವನು ಅವನೇ.

ವರ್ವಾರಾ ಕೋಳಿ ಸಾರಿನ ಡಬ್ಬಿ ಹಿಡಿದು ಬಂದಳು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿಕಾನೋರ್ ಎಲ್ಲಾ ಹೇಳಿದ. ನಿನ್ನ ಮಗಳಿಗೆ ಹೆಸರಿಟ್ಟೋಳು ಕಣೇ ನಾನು! ನನಗೂ ಹೇಳಬಾರದಾಗಿತ್ತಾ? ಔಷಧ ಏನಾದ್ರೂ ಇದೆಯಾ ಅಂತ ಕೇಳಿದೆ ತಾನೆ? ನನ್ನ ಕೈಯಾರೆ ನಿನಗೆ ವಿಷ ಚುಚ್ಚಿಸಿದ್ಯಲ್ಲೇ!"

"ಹೇಳಿದ್ರೆ ಮೇಜಿಂದ ಎಬ್ಬಿಸ್ತಿದ್ರಿ."

"ಯಾರು ಎಬ್ಬಿಸ್ತಿದ್ರು?"

"ಕೆಳಬೀದಿಯೋಳ ಬ್ರೆಡ್ಡು ಯಾರು ಎಸೆದ್ರೋ ಅವರು. ನೀನೂ ಎಸೆದೆ ಅಕ್ಕಾ. ನಾನು ಬೇಲಿ ಹತ್ರಾನೇ ಇದ್ದೆ."

ವರ್ವಾರಾ ಸಾರಿನ ಡಬ್ಬಿಯ ಮುಚ್ಚಳ ತೆಗೆದಳು. ಮುಖ ಎತ್ತದೆ ಕೇಳಿದಳು:

"ಊಟದಿಂದ ಬರುತ್ತೇನೇ ಅದು?"

"ಇಲ್ವಂತೆ. ಜೊತೇಲಿ ಕೂತು ತಿಂದ್ರೆ ಬರಲ್ಲ, ಕೈ ಮುಟ್ಟಿದ್ರೆ ಬರಲ್ಲ. ರಕ್ತದಿಂದ ಬರುತ್ತಂತೆ, ಗಂಡ ಹೆಂಡ್ತಿ ಸಂಬಂಧದಿಂದ, ಹೆರಿಗೇಲಿ ತಾಯಿಯಿಂದ ಮಗೂಗೆ. ಲಸಿಕೆ ಇದೆಯಂತೆ. ಕೈ ಕುಯ್ದುಕೊಂಡ್ರೆ ಪಟ್ಟಿ ಕಟ್ಟಿಕೊಳ್ಳಬೇಕು ಅಷ್ಟೇ. ಅದು ಯಾರಾದ್ರೂ ಮಾಡಬೇಕಾದ್ದೇ."

"ನಾನು ನರ್ಸಾಗಿದ್ದೋಳು" ಎಂದಳು ವರ್ವಾರಾ ಮೆಲ್ಲಗೆ. "ನನಗೆ ಇದೆಲ್ಲಾ ಗೊತ್ತಿತ್ತು ಕಣೇ. ಗೊತ್ತಿದ್ದೂ ಎಸೆದೆ." ಸಾರನ್ನು ಚಮಚಕ್ಕೆ ತೆಗೆದು ಅವಳ ಬಾಯಿಗೆ ಹಿಡಿದಳು. "ಉಪ್ಪು ಹಾಕಿಲ್ಲ, ಡಾಕ್ಟರ್ ಬೇಡ ಅಂದ್ರಂತೆ. ಮುಖ ಸಿಂಡರಿಸದೆ ಕುಡಿ."

ಡಯಾಲಿಸಿಸ್ ಬೇಕಾಗಲಿಲ್ಲ. ಕಿಡ್ನಿ ಸಾವಕಾಶವಾಗಿ ಎಚ್ಚೆತ್ತಿತು, ಪೂರ್ತಿ ಮೊದಲಿನಂತಲ್ಲದಿದ್ದರೂ ಬದುಕುವಷ್ಟು. ಡಾಕ್ಟರು ವೈರಸ್ ಮಾತ್ರೆಯನ್ನು ಕಿಡ್ನಿಗೆ ಹಗುರವಾದ ಬೇರೊಂದಕ್ಕೆ ಬದಲಿಸಿದರು. ಕೈನೋವಿಗೆ ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಅದಕ್ಕೂ ಲಿವರ್ ಕಾಯಿಲೆಯವರಿಗೆ ಮಿತಿ ಇದೆ, ನಾನು ಹೇಳಿದಷ್ಟೇ, ವೈನಿನ ಜೊತೆಗಂತೂ ಬೇಡವೇ ಬೇಡ ಎಂದು ಬೆರಳೆತ್ತಿ ಹೇಳಿದರು. ಎಲ್ಲಕ್ಕಿಂತ ಮುಖ್ಯ ಕೈಗೆ ವಿಶ್ರಾಂತಿ ಎಂದೂ ಹೇಳಿದರು. ವಿಶ್ರಾಂತಿಯ ಚೀಟಿಗೆ ಪಂತೆಲೆಯ ಶೆಡ್ಡಿನಲ್ಲಿ ಏನು ಬೆಲೆ ಎಂದು ಅವರಿಗೇನು ಗೊತ್ತು!

ತುದೋರಾ ಮತ್ತೆ ಶೆಡ್ಡಿಗೆ ಕಾಲಿಟ್ಟ ದಿನ ಸುತ್ತಿಗೆಗಳೆಲ್ಲ ಒಮ್ಮೆಗೇ ನಿಂತವು. ಅವಳ ಕಾಯಿಲೆಯ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಜಿನೋವಿಯಾ ತನ್ನ ಸ್ಟೂಲನ್ನು ದೂರ ಎಳೆದುಕೊಂಡಳು.

"ನನಗೇನೂ ಇಲ್ಲಮ್ಮಾ" ಎಂದಳು ಮೇಜಿಗೆ ಹೇಳುವಂತೆ. "ಆದ್ರೆ ತಿಂಡಿಗೆ ಹೋಗೋ ತಿರುಳು ಇದು. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ?"

ತುದೋರಾ ವರ್ಷಗಟ್ಟಲೆ ಯಾವ ಗಳಿಗೆಗೆ ಹೆದರಿದ್ದಳೋ ಅದು ಬಂದೇಬಿಟ್ಟಿತ್ತು. ಆದರೂ ಕೂತಳು. ಸುತ್ತಿಗೆ ಎತ್ತಿದಳು. ಚಿಪ್ಪು ಬಿರಿಯಿತು. ಕಪ್ಪು ಬೆರಳ ನಡುವೆ ಚಿಟ್ಟೆ ಇಡಿಯಾಗಿ ಹೊರಬಂತು.

ವರ್ವಾರಾ ಕೈಚಾಚಿ ಅದನ್ನು ಅವಳ ಅಂಗೈಯಿಂದಲೇ ಎತ್ತಿಕೊಂಡು ಬಾಯಿಗೆ ಹಾಕಿ, ಎಲ್ಲರಿಗೂ ಕೇಳುವಂತೆ ಕರುಕರು ಅಗಿದಳು.

"ಚೆನ್ನಾಗಿದೆ. ಪಂತೆಲೆ, ಒಂದು ಚಿಟ್ಟೆ ನನ್ನ ಲೆಕ್ಕಕ್ಕೆ ಹಾಕ್ಕೋ. ಜಿನೋವಿಯಾ, ನಿನಗೂ ಬೇಕಾ, ಇಲ್ಲಾ ಬೇಲಿಯಾಚೆ ಎಸೀತೀಯಾ? ಎಸೆಯೋದಾದ್ರೆ ಹೇಳು, ನನಗೂ ಅಭ್ಯಾಸ ಇದೆ, ಒಟ್ಟಿಗೆ ಹೋಗೋಣ."

ಯಾರೋ ಕಿಸಕ್ಕೆಂದರು. ಜಿನೋವಿಯಾ ಕೆಂಪಾದಳು. ಸ್ವಲ್ಪ ಹೊತ್ತಾದ ಮೇಲೆ ಸ್ಟೂಲು ಮೊದಲಿನ ಜಾಗಕ್ಕೆ ಬಂತು.

ವರ್ವಾರಾ ಅಷ್ಟಕ್ಕೇ ಬಿಡಲಿಲ್ಲ. ನಡುವಿನ ಬಟ್ಟಲನ್ನು ಎತ್ತಿಕೊಂಡು ಹೋಗಿ ಪಂತೆಲೆಯ ಕೈಯಲ್ಲಿಟ್ಟಳು.

"ಮಿಠಾಯಿ ನೀನೇ ಇಟ್ಕೋ. ಒಳಗೆ ಯಾರಿಗೆ ಏನು ಕಾಯಿಲೆ, ಯಾರು ಏನು ಮಾತ್ರೆ ತಗೊಳ್ತಿದಾರೆ ಅಂತ ನಿನಗೆ ಗೊತ್ತಾ? ಇಲ್ಲ. ಗೊತ್ತಿಲ್ದೆ ಔಷಧ ಹಂಚಬೇಡ. ನಮಗೆ ಕೊಡೋದಾದ್ರೆ ಕಿಟಕಿಗೆ ಗಾಜು ಕೊಡು, ಕೈಗೆ ಬಿಡುವು ಕೊಡು."

"ಕೆಲಸ ನಿಲ್ಲಿಸಿದ್ರೆ ಸರಕು ಒಯ್ಯೋಕೆ ಬರೋ ಲಾರಿಯವನಿಗೆ ಏನು ಹೇಳ್ಲಿ?" ಎಂದ ಪಂತೆಲೆ.

"ಕೈ ನಿಂತುಹೋದ್ರೆ ಏನು ಹೇಳ್ತೀಯ?"

ಸುತ್ತಿಗೆಗಳು ಇನ್ನೂ ಸುಮ್ಮನಿದ್ದವು. ಜಿನೋವಿಯಾ ಕೂಡ ತನ್ನದನ್ನು ಎತ್ತಲಿಲ್ಲ. ಪಂತೆಲೆ ಮೇಜಿನ ಈ ತುದಿಯಿಂದ ಆ ತುದಿಗೆ ನೋಡಿದ. "ಆಯ್ತು, ಚಹಾ ಕುಡೀರಿ ಈಗ" ಎಂದು ಗೊಣಗಿ ಬಟ್ಟಲನ್ನು ಜೇಬಿಗೆ ಬಗ್ಗಿಸಿಕೊಂಡ. ಕಿಟಕಿಗೆ ಆ ವಾರ ಗಾಜು ಬರಲಿಲ್ಲ, ಹಲಗೆ ಬಂತು. ಅಷ್ಟಾದರೂ ಬಂತು.

ಈಗ ವರ್ವಾರಾಳ ಮನೆಗೆ ಇಂಜೆಕ್ಷನ್‌ಗೆಂದು ಹೋದರೆ ಮೊಟ್ಟೆ ಬೇಡ, ಮೊದಲು ನೀವು ನುಂಗುವ ಮಾತ್ರೆಗಳ ಹಾಳೆ ತನ್ನಿ, ಡಾಕ್ಟರ ಚೀಟಿ ತನ್ನಿ ಎನ್ನುತ್ತಾಳೆ. ಅನುಮಾನ ಬಂದರೆ ದೋಕಿಯಾಗೆ ಫೋನು ಮಾಡುತ್ತಾಳೆ. ತುದೋರಾ ಹೊಸ ಮಾತ್ರೆಯನ್ನು ಅದರ ಹಾಳೆಯಲ್ಲೇ ಇಟ್ಟುಕೊಂಡಿದ್ದಾಳೆ, ಊಟದ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕ.

ಇದನ್ನು ಓದುತ್ತಿರುವ ತಾಯಿ, ಅಣ್ಣ, ತಂಗಿ, ನಿಮ್ಮ ಮನೆಯಲ್ಲೂ ಒಂದು ಡಬ್ಬಿ ಇರಬಹುದು. ಹೆಪಟೈಟಿಸ್‌ಗೋ, ಎಚ್‌ಐವಿಗೋ, ಕೋವಿಡ್ಡಿಗೋ ಕೊಟ್ಟ ಮಾತ್ರೆ ಅದರಲ್ಲಿರಬಹುದು. ವೈರಸ್ ತಡೆಯುವ ಔಷಧಗಳು ಹಲವು, ಒಂದೊಂದಕ್ಕೆ ಒಂದೊಂದು ನೋವಿನ ಮಾತ್ರೆ ಆಗಿಬರುವುದಿಲ್ಲ. ಕೆಲವು ಕಿಡ್ನಿಗೆ ಕುತ್ತು ತರುತ್ತವೆ. ಇನ್ನು ಕೆಲವುಗಳ ಜೊತೆ ತಲೆನೋವಿನ ಒಂದು ಬಗೆಯ ಮಾತ್ರೆ ನುಂಗಿದರೆ ರಕ್ತನಾಳಗಳೇ ಬಿಗಿದುಕೊಳ್ಳುತ್ತವೆ. ಅದನ್ನೆಲ್ಲ ನೀವು ಬಾಯಿಪಾಠ ಮಾಡಬೇಕಿಲ್ಲ. ಮಾತ್ರೆಯನ್ನು ಅದರ ಹಾಳೆಯಿಂದ ಬಿಡಿಸಿಡಬೇಡಿ. ನೋವಿಗೆ ಏನೇ ತೆಗೆದುಕೊಳ್ಳುವ ಮೊದಲು, ಕೊಡುವವರು ಡಾಕ್ಟರಾಗಲಿ, ಅಂಗಡಿಯವರಾಗಲಿ, ಪಕ್ಕದ ಮನೆಯವರಾಗಲಿ, ಆ ಹಾಳೆಯನ್ನು ತೋರಿಸಿ. ಎಲ್ಲರೆದುರು ಹೇಳಲು ಆಗದಿದ್ದರೆ ಬೇರೆ ಕೋಣೆಯಲ್ಲಿ ಮಾತಾಡಬೇಕು ಎಂದು ಕೇಳಿ. ಅದು ನಿಮ್ಮ ಹಕ್ಕು. ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಊಟದ ವಾಸನೆಗೇ ಹೊಟ್ಟೆ ತೊಳಸಿದರೆ ನಾಳೆ ಎನ್ನಬೇಡಿ. ವೈರಸ್ ಮಾತ್ರೆಯನ್ನು ನೀವಾಗಿ ಬಿಡಬೇಡಿ.

ನಿಮ್ಮ ಪಕ್ಕದವಳ ಬಗ್ಗೆ ಇನ್ನೊಂದು ಮಾತಿದೆ. ಅವಳು ಯಾವ ಡಬ್ಬಿಯಲ್ಲಿ ಏನು ಬಚ್ಚಿಟ್ಟಿದ್ದಾಳೋ ನಿಮಗೆ ಗೊತ್ತಿಲ್ಲ. ಅವಳು ಕೊಟ್ಟ ಬ್ರೆಡ್ಡನ್ನು ಎಸೆಯಬೇಡಿ. ಅವಳೆದುರೇ ಮುರಿದು ತಿನ್ನಿ. ಆಗ ಅವಳು ಹೇಳುತ್ತಾಳೆ. ಹೇಳಿದರೆ ಬದುಕುತ್ತಾಳೆ.